ಹೊರಬಂದ ಉಸಿರಿನ ಲೆಕ್ಕ

ಐಸಿಯು ಬಾಗಿಲಲ್ಲಿ ಕಾದು ನಿಂತ ಬಂಧುಗಳು ಹೊರಬಂದ ವೈದ್ಯರನ್ನು ಈಗ ಮೊದಲು ಕೇಳುವುದು ‘ಸ್ಯಾಚುರೇಷನ್ ಎಷ್ಟಿದೆ?’ ಎಂದು. ಕೋವಿಡ್ ಕಾಲ ಈ ಮಾತನ್ನು ಊರೂರಿಗೂ ಕಲಿಸಿಹೋಯಿತು. ಬೆರಳಿಗೆ ಕ್ಲಿಪ್ ಸಿಕ್ಕಿಸಿಕೊಂಡು 95ರ ಮೇಲಿದ್ದರೆ ಸಮಾಧಾನಪಟ್ಟು, 90ಕ್ಕೆ ಇಳಿದರೆ ಬೆಡ್‌ಗಾಗಿ ಕಂಡಕಂಡವರಿಗೆ ಫೋನ್ ಹಚ್ಚಿದ ಮನೆಗಳು ನಮ್ಮಲ್ಲಿ ಎಷ್ಟೋ. ಜಪಾನಿನ ನಿಹೋನ್ ಕೊಹ್ಡೆನ್ ಕಂಪನಿಯ ಎಂಜಿನಿಯರ್ ತಕುವೊ ಅಓಯಾಗಿ 1970ರ ದಶಕದ ಆರಂಭದಲ್ಲಿ ಕಂಡುಕೊಂಡ ಈ ಉಪಾಯ ದೊಡ್ಡದೇ. ಚುಚ್ಚದೆ, ರಕ್ತ ತೆಗೆಯದೆ, ಎರಡು ಬಣ್ಣದ ಬೆಳಕಿನಿಂದ ರಕ್ತದ ಆಕ್ಸಿಜನ್ನನ್ನು ಅಂದಾಜಿಸುವುದು ಅದು. ಆದರೆ ಆ ಸಂಖ್ಯೆ ಹೇಳುವುದು ಒಂದೇ ಸಂಗತಿ. ಹಿಮೋಗ್ಲೋಬಿನ್ನಿನಲ್ಲಿ ಶೇಕಡಾ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಎಂಬುದಷ್ಟೇ. ಹೊತ್ತದ್ದು ಜೀವಕೋಶಗಳಿಗೆ ತಲುಪಿತೇ, ತಲುಪಿದ್ದು ಖರ್ಚಾಯಿತೇ, ಖರ್ಚಾದ ಮೇಲೆ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಹೊರಬಿತ್ತೇ ಎಂಬ ಪ್ರಶ್ನೆಗಳಿಗೆ ಬೆರಳಿನ ಕ್ಲಿಪ್ಪಿನಲ್ಲಿ ಉತ್ತರವಿಲ್ಲ. ಹೇಳುವ ಆ ಒಂದು ಸಂಗತಿಯಲ್ಲೂ ಅದು ಕೆಲವೊಮ್ಮೆ ಎಡವುತ್ತದೆ. ರಕ್ತದಲ್ಲಿ ಆಕ್ಸಿಜನ್ ನಿಜವಾಗಿ ಕುಸಿದಿದ್ದರೂ ಕ್ಲಿಪ್ಪು ‘ಪರವಾಗಿಲ್ಲ’ ಎಂದು ತೋರಿಸಿದ ಸಂದರ್ಭಗಳು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದಿಂದ ಬಂದ ಅಧ್ಯಯನ ತೋರಿಸಿತು. ಗಂಭೀರ ಸ್ಥಿತಿಯಲ್ಲಿರುವ ರೋಗಿಯ ವಿಷಯದಲ್ಲಿ ಒಳಹೋಗುವ ಗಾಳಿಗಿಂತ ಹೊರಬರುವ ಗಾಳಿ ಹೆಚ್ಚು ಮಾತಾಡುತ್ತದೆ ಎಂಬುದು ಈ ಲೇಖನದ ವಾದ. ಆ ಮಾತಿನ ಒಂದು ಭಾಗವನ್ನು ಕೇಳಿಸಿಕೊಳ್ಳದಿರುವುದಕ್ಕೆ ಇವತ್ತು ಯಾವ ಆಸ್ಪತ್ರೆಗೂ ನೆಪವಿಲ್ಲ. ಇನ್ನೊಂದು ಭಾಗವನ್ನು ಕೇಳಬೇಕು ನಿಜ, ಆದರೆ ಕೇಳಿದ್ದನ್ನೆಲ್ಲ ಆಜ್ಞೆಯೆಂದು ಪಾಲಿಸಬಾರದು.

ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಆಕ್ಸಿಜನ್ ಸುಮಾರು ಶೇಕಡಾ 21, ಇಂಗಾಲದ ಡೈಆಕ್ಸೈಡ್ ಶೇಕಡಾ 0.04ರ ಆಸುಪಾಸು. ಬಿಡುವ ಗಾಳಿಯಲ್ಲಿ ಆಕ್ಸಿಜನ್ 16ಕ್ಕೆ ಇಳಿದಿರುತ್ತದೆ, ಇಂಗಾಲದ ಡೈಆಕ್ಸೈಡ್ 4ಕ್ಕೆ ಏರಿರುತ್ತದೆ. ಸುಮ್ಮನೆ ಮಲಗಿರುವ ವಯಸ್ಕರೊಬ್ಬರು ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಕ್ಸಿಜನ್ ಬಳಸಿ 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಹೊರಹಾಕುತ್ತಾರೆ. ಈ 200 ಮಿಲಿಲೀಟರ್ ಬಾಯಿಗೆ ಬರಬೇಕಾದರೆ ಮೂರು ಕೆಲಸ ನಡೆದಿರಬೇಕು. ಜೀವಕೋಶಗಳು ಇಂಧನವನ್ನು ಉರಿಸಿರಬೇಕು, ಹೃದಯ ಆ ಅನಿಲವನ್ನು ರಕ್ತದಲ್ಲಿ ಶ್ವಾಸಕೋಶಕ್ಕೆ ತಳ್ಳಿರಬೇಕು, ಶ್ವಾಸಕೋಶ ಅದನ್ನು ಆಚೆ ಬಿಟ್ಟಿರಬೇಕು. ಚಯಾಪಚಯ, ರಕ್ತಪರಿಚಲನೆ, ಉಸಿರಾಟ ಈ ಮೂರರಲ್ಲಿ ಯಾವುದು ಕೆಟ್ಟರೂ ಹೊರಬರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಗೊತ್ತಾಗುತ್ತದೆ. ಮೂರರ ಸುದ್ದಿಯೂ ಒಂದೇ ಸಂಖ್ಯೆಯಲ್ಲಿ ಕಲೆತು ಬರುವುದರಿಂದ ಅದನ್ನು ಬಿಡಿಸಿ ಓದುವುದಕ್ಕೆ ಅಭ್ಯಾಸ ಬೇಕು.

ಈ ಅನಿಲವನ್ನು ಅಳೆಯುವ ದಾರಿಯನ್ನು ತೋರಿಸಿದ್ದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಜಾನ್ ಟಿಂಡಲ್. ಭೂಮಿಯ ತಾಪಮಾನ ಏರಲು ಕಾರಣವಾಗಿರುವ ಗುಣವೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಇಂಗಾಲದ ಡೈಆಕ್ಸೈಡ್ ಇನ್‌ಫ್ರಾರೆಡ್ ಕಿರಣಗಳನ್ನು ಹೀರಿಕೊಳ್ಳುತ್ತದೆ. ಎಷ್ಟು ಹೀರಿಕೊಂಡಿತು ಎಂಬುದರ ಮೇಲೆ ಎಷ್ಟಿದೆ ಎಂದು ಹೇಳಬಹುದು. ಟಿಂಡಲ್ 1860ರ ದಶಕದಲ್ಲೇ ಮನುಷ್ಯರ ಉಸಿರನ್ನು ಹೀಗೆ ಪರೀಕ್ಷಿಸಿದ್ದರು. ಇವತ್ತಿನ ಕ್ಯಾಪ್ನೋಗ್ರಾಫ್ ಯಂತ್ರ ಅದೇ ತತ್ವದಲ್ಲಿ ಪ್ರತಿ ಉಸಿರನ್ನೂ ಒಂದು ಗೆರೆಯಾಗಿ ಪರದೆಯ ಮೇಲೆ ಬಿಡಿಸುತ್ತದೆ. ಉಸಿರು ಬಿಡಲು ಶುರುವಾದ ಕ್ಷಣ ಗೆರೆ ಸೊನ್ನೆಯಲ್ಲೇ ಇರುತ್ತದೆ, ಏಕೆಂದರೆ ಮೊದಲು ಬರುವುದು ಗಂಟಲು, ಶ್ವಾಸನಾಳಗಳಲ್ಲಿ ಉಳಿದಿದ್ದ, ರಕ್ತದ ಸಂಪರ್ಕಕ್ಕೇ ಬಾರದ ಗಾಳಿ. ಮರುಕ್ಷಣ ಗೆರೆ ಕಡಿದಾಗಿ ಮೇಲೇರುತ್ತದೆ. ಶ್ವಾಸಕೋಶದ ಆಳದ ಗಾಳಿ ಬರತೊಡಗಿದಾಗ ಸಮತಟ್ಟಾಗುತ್ತದೆ, ಉಸಿರಿನ ಕೊನೆಯಲ್ಲಿ ಅತಿ ಎತ್ತರ ಮುಟ್ಟುತ್ತದೆ, ಒಳಕ್ಕೆ ಎಳೆದೊಡನೆ ಸೊನ್ನೆಗೆ ಬೀಳುತ್ತದೆ. ಆ ಕೊನೆಯ ಎತ್ತರ ಆರೋಗ್ಯವಂತರಲ್ಲಿ 35ರಿಂದ 40 ಮಿಲಿಮೀಟರ್ ಪಾದರಸದಷ್ಟು. ಸಂಖ್ಯೆಯ ಜೊತೆ ಗೆರೆಯ ಆಕಾರವನ್ನೂ ನೋಡಬೇಕು. ಆಸ್ತಮಾದಲ್ಲಿ ಶ್ವಾಸನಾಳಗಳು ಬಿಗಿದುಕೊಂಡಾಗ ಗಾಳಿ ತಡವರಿಸಿ ಹೊರಬರುವುದರಿಂದ ಗೆರೆಯ ಏರು ಓರೆಯಾಗಿ ಶಾರ್ಕ್ ಮೀನಿನ ಈಜುರೆಕ್ಕೆಯಂತೆ ಕಾಣುತ್ತದೆ. ವೆಂಟಿಲೇಟರಿನಲ್ಲಿರುವ ರೋಗಿ ತಾನೇ ಉಸಿರೆಳೆಯಲು ಯತ್ನಿಸಿದರೆ ಸಮತಟ್ಟಿನ ನಡುವೆ ಒಂದು ತಗ್ಗು ಬೀಳುತ್ತದೆ. ಅರಿವಳಿಕೆಯ ಕೆಲವು ಔಷಧಗಳಿಗೆ ಅಪರೂಪವಾಗಿ ಮೈಯೆಲ್ಲ ಕಾದು ಪ್ರಾಣಕ್ಕೇ ಎರವಾಗುವ ಒಂದು ಪ್ರತಿಕ್ರಿಯೆ ಉಂಟು. ಅದರಲ್ಲೂ ಜ್ವರ ಏರುವ ಮೊದಲೇ ಈ ಗೆರೆ ಏರಲು ಶುರುವಾಗಿರುತ್ತದೆ.

ಹೃದಯ ನಿಂತಾಗ ಈ ಗೆರೆಯ ಬೆಲೆ ಗೊತ್ತಾಗುತ್ತದೆ. ಎದೆ ಒತ್ತುತ್ತಿರುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಎಷ್ಟೆಂಬುದು ಆ ಒತ್ತುವಿಕೆ ರಕ್ತವನ್ನು ಎಷ್ಟರ ಮಟ್ಟಿಗೆ ತಳ್ಳುತ್ತಿದೆ ಎಂಬುದಕ್ಕೆ ನೇರ ಸಾಕ್ಷಿ. ಒತ್ತುವವರ ಕೈ ಸೋತರೆ ಸಂಖ್ಯೆ ಇಳಿಯುತ್ತದೆ, ಆಗ ಬೇರೆಯವರು ಕೈಹಾಕಬೇಕು. ಇದ್ದಕ್ಕಿದ್ದಂತೆ ಏರಿದರೆ ಹೃದಯ ಮತ್ತೆ ಬಡಿಯತೊಡಗಿದೆ ಎಂದು ನಾಡಿ ಹಿಡಿದು ನೋಡುವ ಮೊದಲೇ ತಿಳಿಯುತ್ತದೆ. 150 ರೋಗಿಗಳನ್ನು ಗಮನಿಸಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 20 ನಿಮಿಷಗಳ ಪ್ರಯತ್ನದ ನಂತರವೂ ಈ ಸಂಖ್ಯೆ 10ನ್ನು ದಾಟದವರಲ್ಲಿ ಯಾರೂ ಬದುಕಲಿಲ್ಲ. ಪ್ರಯತ್ನ ನಿಲ್ಲಿಸಲು ಇದೊಂದೇ ಆಧಾರವಾಗಬಾರದು ಎಂದು ಮಾರ್ಗಸೂಚಿಗಳು ಎಚ್ಚರಿಸುತ್ತವೆ, ಅದು ಸರಿಯಾದ ಎಚ್ಚರಿಕೆಯೇ.

ಆದರೆ ಕ್ಯಾಪ್ನೋಗ್ರಾಫನ್ನು ಬಿಟ್ಟರೆ ಆಗದು ಎಂದು ಹೇಳುವುದಕ್ಕೆ ಇವು ಯಾವುವೂ ಮುಖ್ಯ ಕಾರಣವಲ್ಲ. ಮುಖ್ಯ ಕಾರಣ ಉಸಿರಿನ ಟ್ಯೂಬು. ವೆಂಟಿಲೇಟರ್ ಹಾಕುವಾಗ ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸುವ ಟ್ಯೂಬು ಹಿಂದೆಯೇ ಇರುವ ಅನ್ನನಾಳಕ್ಕೆ ಜಾರಬಹುದು. ಆಗ ವೆಂಟಿಲೇಟರ್ ಹೊಟ್ಟೆಗೆ ಗಾಳಿ ತುಂಬುತ್ತಾ ಕೂರುತ್ತದೆ. ಅನುಭವಿಗಳ ಕೈಯಲ್ಲೂ ಇದು ಆಗುತ್ತದೆ. ಆದ ತಪ್ಪು ತಕ್ಷಣ ಗೊತ್ತಾದರೆ ಅಪಾಯವಿಲ್ಲ. ಗೊತ್ತಾಗದಿದ್ದರೆ ಕೆಲವೇ ನಿಮಿಷಗಳಲ್ಲಿ ಮಿದುಳು ಸಾಯುತ್ತದೆ. ಬೆರಳಿನ ಕ್ಲಿಪ್ಪನ್ನು ನಂಬಿದವರು ಮೋಸ ಹೋಗುವುದು ಇಲ್ಲಿಯೇ. ಟ್ಯೂಬು ಹಾಕುವ ಮೊದಲು ರೋಗಿಗೆ ಶುದ್ಧ ಆಕ್ಸಿಜನ್ ಕೊಟ್ಟಿರುತ್ತಾರೆ, ಶ್ವಾಸಕೋಶದಲ್ಲಿ ದಾಸ್ತಾನು ಇರುತ್ತದೆ. ಟ್ಯೂಬು ತಪ್ಪು ಜಾಗದಲ್ಲಿದ್ದರೂ ಆ ದಾಸ್ತಾನು ಮುಗಿಯುವವರೆಗೆ ಸ್ಯಾಚುರೇಷನ್ 98, 99 ಎಂದೇ ತೋರಿಸುತ್ತಿರುತ್ತದೆ. ಅದು ಬೀಳತೊಡಗುವ ಹೊತ್ತಿಗೆ ಎಲ್ಲರ ಗಮನ ಬೇರೆಡೆ ಹೋಗಿರುತ್ತದೆ, ಕುಸಿತಕ್ಕೆ ನ್ಯುಮೋನಿಯಾನೋ ಹೃದಯವೋ ಕಾರಣವೆಂದು ತೋರುತ್ತದೆ. ಕ್ಯಾಪ್ನೋಗ್ರಾಫ್ ಇದ್ದರೆ ಮೊದಲ ಕೆಲವು ಉಸಿರುಗಳಲ್ಲೇ ತೀರ್ಪು ಸಿಗುತ್ತದೆ, ಏಕೆಂದರೆ ಹೊಟ್ಟೆಯಿಂದ ಇಂಗಾಲದ ಡೈಆಕ್ಸೈಡ್ ಉಸಿರುಸಿರಿಗೂ ಬರುವುದಿಲ್ಲ. ಸೋಡಾ ಕುಡಿದವರಲ್ಲಿ, ಅಥವಾ ಮಾಸ್ಕಿನಿಂದ ಗಾಳಿ ಒತ್ತುವಾಗ ಬಿಟ್ಟ ಉಸಿರು ಹೊಟ್ಟೆ ಸೇರಿದ್ದವರಲ್ಲಿ ಮೊದಲ ಕೆಲವು ಉಸಿರಿಗೆ ಒಂದಿಷ್ಟು ಕಾಣಿಸಿಕೊಂಡು ಕರಗಿಹೋಗಬಹುದು. ಅದಕ್ಕೇ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕನಿಷ್ಠ 7 ಉಸಿರುಗಳ ಕಾಲ ಗೆರೆ ಕುಗ್ಗದೆ ನಿಲ್ಲಬೇಕು ಎನ್ನುತ್ತದೆ.

ಇದಕ್ಕೆ ಪುರಾವೆ ಬ್ರಿಟನ್ನಿನಿಂದ ಬಂತು. ಅಲ್ಲಿನ ರಾಯಲ್ ಕಾಲೇಜ್ ಆಫ್ ಅನೆಸ್ಥೆಟಿಸ್ಟ್ಸ್ ಮತ್ತು ಡಿಫಿಕಲ್ಟ್ ಏರ್‌ವೇ ಸೊಸೈಟಿ ಜೊತೆಗೂಡಿ ಇಡೀ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದಲ್ಲಿ ನಡೆದ ಗಂಭೀರ ಉಸಿರುಮಾರ್ಗದ ಅವಘಡಗಳನ್ನೆಲ್ಲ ಕಲೆಹಾಕಿ 2011ರಲ್ಲಿ ವರದಿ ಕೊಟ್ಟವು. ನ್ಯಾಪ್-4 ಎಂದೇ ಅದು ಪ್ರಸಿದ್ಧ. ಐಸಿಯುಗಳಲ್ಲಿ ಸಾವಿಗೆ ಅಥವಾ ಮಿದುಳಿನ ಶಾಶ್ವತ ಹಾನಿಗೆ ತಿರುಗಿದ ಪ್ರಕರಣಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರಕ್ಕೆ ಕ್ಯಾಪ್ನೋಗ್ರಾಫ್ ಬಳಸದಿದ್ದುದು ಅಥವಾ ಅದು ಹೇಳಿದ್ದನ್ನು ತಪ್ಪಾಗಿ ಓದಿದ್ದು ಕಾರಣಗಳಲ್ಲೊಂದಾಗಿತ್ತು. ಟ್ಯೂಬು ಹಾಕುವ ಹೊತ್ತಿನ ತಪ್ಪಷ್ಟೇ ಅಲ್ಲ, ಹಾಕಿ ದಿನಗಳಾದ ಮೇಲೆ ರೋಗಿಯನ್ನು ಮಗ್ಗುಲು ತಿರುಗಿಸುವಾಗ, ಸ್ಕ್ಯಾನಿಗೆ ಸಾಗಿಸುವಾಗ ಟ್ಯೂಬು ಕಳಚಿದ್ದೂ ಅದರಲ್ಲಿ ಸೇರಿತ್ತು. ಆಪರೇಷನ್ ಥಿಯೇಟರಿನಲ್ಲಿ ಕೆಲವು ಗಂಟೆಗಳಿಗಾಗಿ ಕಡ್ಡಾಯವಾಗಿದ್ದ ಯಂತ್ರ, ಅದೇ ಟ್ಯೂಬನ್ನು ವಾರಗಟ್ಟಲೆ ಇಟ್ಟುಕೊಂಡಿರುವ, ಇನ್ನೂ ಹೆಚ್ಚು ಕಾಯಿಲೆಯ ರೋಗಿಯ ಪಕ್ಕದಲ್ಲಿ ಇರಲಿಲ್ಲ. ಇದಕ್ಕೆ ವೈದ್ಯಕೀಯ ತರ್ಕವೇನೂ ಇದ್ದಂತೆ ಕಾಣುವುದಿಲ್ಲ, ರೂಢಿ ಮಾತ್ರ.

ಸ್ಟೆತಸ್ಕೋಪ್ ಇಟ್ಟು ಕೇಳಿದರೆ ಸಾಲದೇ ಎಂಬುದು ಹಳೆಯ ಆಕ್ಷೇಪ. ಸಾಲದು. ಹೊಟ್ಟೆಗೆ ಹೋದ ಗಾಳಿಯ ಸದ್ದೂ ಎದೆಯ ಮೇಲೆ ಕೇಳಿಸಬಹುದು, ಟ್ಯೂಬಿನೊಳಗೆ ಮಂಜು ಕಟ್ಟುವುದು ಅನ್ನನಾಳದಲ್ಲಿದ್ದಾಗಲೂ ಆಗಬಹುದು, ಎದೆ ಏರಿಳಿದಂತೆಯೂ ಕಾಣಬಹುದು. ಎರಡನೆಯ ಆಕ್ಷೇಪ ಇನ್ನೂ ಅಪಾಯಕಾರಿ. ಹೃದಯ ನಿಂತಿದ್ದರೆ ಇಂಗಾಲದ ಡೈಆಕ್ಸೈಡ್ ಹೇಗೂ ಬರುವುದಿಲ್ಲ, ಹಾಗಾಗಿ ಗೆರೆ ಚಪ್ಪಟೆಯಾದರೆ ಟ್ಯೂಬಿನ ಮೇಲೆ ಅನುಮಾನಪಡಬೇಕಿಲ್ಲ ಎಂಬ ನಂಬಿಕೆ ಅದು. ನ್ಯಾಪ್-4 ವರದಿಯಲ್ಲಿ ಈ ನಂಬಿಕೆಯೇ ಪ್ರಾಣ ತೆಗೆದ ಪ್ರಕರಣಗಳಿವೆ. ಸರಿಯಾಗಿ ಎದೆ ಒತ್ತುತ್ತಿದ್ದರೆ ಗೆರೆ ಕುಳ್ಳಗಾಗುತ್ತದೆ, ಆದರೆ ಇರುತ್ತದೆ. ಪೂರ್ತಿ ಚಪ್ಪಟೆಯಾದ ಗೆರೆಯನ್ನು ಕಂಡರೆ ಟ್ಯೂಬು ಸರಿಯಾಗಿದೆ ಎಂದು ಬೇರೆ ರೀತಿಯಲ್ಲಿ ಸಾಬೀತಾಗುವವರೆಗೂ ಅದು ತಪ್ಪು ಜಾಗದಲ್ಲಿದೆ ಎಂದೇ ಹಿಡಿಯಬೇಕು. ಖರ್ಚಿನ ಆಕ್ಷೇಪವೂ ಇದೆ. ಕ್ಯಾಪ್ನೋಗ್ರಾಫ್ ಅಗ್ಗವೇನಲ್ಲ, ಅದರ ತೆಳು ನಳಿಕೆಗಳಲ್ಲಿ ತೇವ, ಕಫ ಕಟ್ಟಿಕೊಂಡು ಪದೇಪದೇ ಬದಲಾಯಿಸಬೇಕಾಗುತ್ತದೆ. ಆದರೂ ಒಂದು ವೆಂಟಿಲೇಟರಿನ ಬೆಲೆಯ ಮುಂದೆ ಅದು ಸಣ್ಣ ಬಾಬತ್ತು. ವೆಂಟಿಲೇಟರ್ ಕೊಳ್ಳಲು ಹಣವಿದ್ದು ಅದರ ಗಾಳಿ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಲು ಹಣವಿಲ್ಲ ಎಂಬ ಮಾತನ್ನು ಒಪ್ಪುವುದು ಕಷ್ಟ.

ಇಷ್ಟೆಲ್ಲ ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಉಸಿರಿನ ಕೊನೆಯ ಸಂಖ್ಯೆ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್‌ಗಿಂತ ಆರೋಗ್ಯವಂತರಲ್ಲಿ ಕೆಲವು ಅಂಶಗಳಷ್ಟೇ ಕಡಿಮೆ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ, ರಕ್ತದೊತ್ತಡ ಕುಸಿದರೆ, ಶ್ವಾಸಕೋಶದ ಒಂದು ಪಾಲಿಗೆ ಗಾಳಿ ಬರುತ್ತದೆ, ರಕ್ತ ಬರುವುದಿಲ್ಲ. ಆಗ ಎರಡರ ಅಂತರ ಹಿಗ್ಗುತ್ತದೆ. ಪರದೆಯಲ್ಲಿ 30 ಇದ್ದಾಗ ರಕ್ತದಲ್ಲಿ 50 ಇರಬಹುದು. ಆದ್ದರಿಂದ ಅಪಧಮನಿಯ ರಕ್ತ ತೆಗೆದು ಮಾಡುವ ಪರೀಕ್ಷೆಯನ್ನು ಇದು ಕಿತ್ತುಹಾಕುವುದಿಲ್ಲ. ನಿಜ ಹೇಳಬೇಕೆಂದರೆ ಆ ಅಂತರವೇ ಒಂದು ಉಪಯುಕ್ತ ಮಾಹಿತಿ.

ಇನ್ನು ಉಸಿರಿನ ಎರಡನೆಯ ಲೆಕ್ಕ. ಉಸಿರಾಟವೆಂದರೆ ನಿಧಾನವಾಗಿ ನಡೆಯುವ ದಹನ ಎಂದು ತೋರಿಸಿದವರು ಫ್ರೆಂಚ್ ರಸಾಯನವಿಜ್ಞಾನಿ ಆಂತ್ವಾನ್ ಲವಾಸಿಯೆ. 1780ರ ದಶಕದ ಆರಂಭದಲ್ಲಿ ಗಣಿತಜ್ಞ ಲಾಪ್ಲಾಸ್ ಜೊತೆ ಸೇರಿ, ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಒಂದು ಗಿನಿಪಿಗ್ ಕೂರಿಸಿದರು. ಎಷ್ಟು ಮಂಜುಗಡ್ಡೆ ಕರಗಿತು, ಪ್ರಾಣಿ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟಿತು ಎಂದು ಅಳೆದು, ಅಷ್ಟೇ ಅನಿಲ ಬರುವಷ್ಟು ಇದ್ದಿಲನ್ನು ಉರಿಸಿದರೆ ಎಷ್ಟು ಕರಗುತ್ತದೆ ಎಂಬುದರೊಡನೆ ಹೋಲಿಸಿದರು. ಲೆಕ್ಕ ಹತ್ತಿರ ಹತ್ತಿರ ಕೂಡಿಬಂತು. 1794ರಲ್ಲಿ ಫ್ರೆಂಚ್ ಕ್ರಾಂತಿಯ ಗಿಲೊಟಿನ್ ಲವಾಸಿಯೆಯ ತಲೆ ತೆಗೆಯಿತು, ತೆರಿಗೆ ವಸೂಲಿ ಕಂಪನಿಯ ಪಾಲುದಾರರಾಗಿದ್ದ ಅಪರಾಧಕ್ಕಾಗಿ. ಅವರು ಬಿಟ್ಟುಹೋದ ಎಳೆ ಮುಂದುವರಿದು, 1949ರಲ್ಲಿ ಗ್ಲಾಸ್ಗೋದ ಶರೀರಶಾಸ್ತ್ರಜ್ಞ ವೀಯರ್ ಆ ಲೆಕ್ಕಕ್ಕೊಂದು ಸುಲಭ ಸೂತ್ರ ಕೊಟ್ಟರು. ಬಳಸಿದ ಪ್ರತಿ ಲೀಟರ್ ಆಕ್ಸಿಜನ್ನಿಗೆ 3.94 ಕಿಲೊಕ್ಯಾಲರಿ, ಬಿಟ್ಟ ಪ್ರತಿ ಲೀಟರ್ ಇಂಗಾಲದ ಡೈಆಕ್ಸೈಡ್‌ಗೆ 1.11 ಕಿಲೊಕ್ಯಾಲರಿ, ಎರಡನ್ನೂ ಕೂಡಿದರೆ ದೇಹದ ಖರ್ಚು. ಮೊದಲು ಹೇಳಿದ 250 ಮತ್ತು 200 ಮಿಲಿಲೀಟರುಗಳನ್ನೇ ತೆಗೆದುಕೊಳ್ಳಿ. ದಿನಕ್ಕೆ 360 ಲೀಟರ್ ಆಕ್ಸಿಜನ್, 288 ಲೀಟರ್ ಇಂಗಾಲದ ಡೈಆಕ್ಸೈಡ್. ಗುಣಿಸಿ ಕೂಡಿದರೆ ಸುಮಾರು 1,740 ಕಿಲೊಕ್ಯಾಲರಿ. ಒಲೆಯೊಳಗೆ ಇಣುಕದೆ ಹೊಗೆಗೂಡಿನಲ್ಲಿ ಬರುವುದನ್ನು ನೋಡಿಯೇ ಎಷ್ಟು ಸೌದೆ ಉರಿಯುತ್ತಿದೆ ಎಂದು ಹೇಳಿದ ಹಾಗೆ. ಎಂಥ ಸೌದೆ ಎಂಬುದೂ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಸಕ್ಕರೆ ಉರಿದರೆ ಬಳಸಿದಷ್ಟೇ ಆಕ್ಸಿಜನ್ನಿಗೆ ಅಷ್ಟೇ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅನುಪಾತ 1. ಕೊಬ್ಬು ಉರಿದರೆ 0.7. ಅನುಪಾತ 1ನ್ನು ದಾಟಿದರೆ ರೋಗಿಗೆ ಅತಿಯಾಗಿ ಉಣಿಸಲಾಗುತ್ತಿದೆ, ಹೆಚ್ಚುವರಿ ಸಕ್ಕರೆ ಕೊಬ್ಬಾಗಿ ಬದಲಾಗುತ್ತಿದೆ ಎಂಬ ಅನುಮಾನ ಬರಬೇಕು.

ಪ್ರಜ್ಞೆಯಿಲ್ಲದೆ ಮಲಗಿರುವ ರೋಗಿಗೆ ಹಸಿವೆ ಎಂದು ಹೇಳಲು ಬಾಯಿಲ್ಲ, ಸಾಕು ಎನ್ನಲೂ ಇಲ್ಲ. ಮೂಗಿನಿಂದ ಹೊಟ್ಟೆಗಿಳಿದ ರೈಲ್ಸ್ ಟ್ಯೂಬಿನಲ್ಲಿ ಎಷ್ಟು ಹಾಕಬೇಕೆಂದು ಯಾರೋ ಅಂದಾಜು ಮಾಡಬೇಕು. ಜಗತ್ತಿನ ಬಹುಪಾಲು ಐಸಿಯುಗಳಲ್ಲಿ ಆ ಅಂದಾಜು ತೂಕದ ಪ್ರತಿ ಕಿಲೋಗೆ 25 ಕಿಲೊಕ್ಯಾಲರಿ ಎಂಬ ಸರಳ ಗುಣಾಕಾರ. ಇಲ್ಲವೇ 1919ರಲ್ಲಿ ಅಮೆರಿಕದಲ್ಲಿ ಹ್ಯಾರಿಸ್ ಮತ್ತು ಬೆನೆಡಿಕ್ಟ್ ಆರೋಗ್ಯವಂತರನ್ನು ಅಳೆದು ಕೊಟ್ಟಂಥ ಸೂತ್ರ. ಯಾವ ತೂಕಕ್ಕೆ ಗುಣಿಸುವುದು ಎಂಬಲ್ಲೇ ಗೊಂದಲ ಶುರು. ಸೆಪ್ಸಿಸ್ ಆದ ರೋಗಿಗೆ ಕೊಟ್ಟ ದ್ರವವೆಲ್ಲ ಮೈಯಲ್ಲಿ ಬಾವಾಗಿ ನಿಂತು ಹತ್ತು ಕಿಲೋ ತೂಕ ಏರಿದ್ದರೆ, ಆ ನೀರಿಗೂ ಸೇರಿಸಿ 250 ಕಿಲೊಕ್ಯಾಲರಿ ಹೆಚ್ಚು ಬರೆದ ಹಾಗಾಯಿತು. ಖರ್ಚೂ ಒಂದೇ ಸಮ ಇರುವುದಿಲ್ಲ. ಗ್ಲಾಸ್ಗೋದವರೇ ಆದ ಡೇವಿಡ್ ಕಥ್‌ಬರ್ಟ್‌ಸನ್ 1930ರ ದಶಕದಿಂದ ಮೂಳೆ ಮುರಿದವರನ್ನು ಅಧ್ಯಯನ ಮಾಡಿ, ಪೆಟ್ಟಿನ ಬೆನ್ನಿಗೇ ದೇಹದ ಖರ್ಚು ತಗ್ಗುತ್ತದೆ, ಆಮೇಲೆ ದಿನಗಟ್ಟಲೆ ಏರಿ ಸ್ನಾಯುವನ್ನೇ ಕರಗಿಸುತ್ತದೆ ಎಂದು ತೋರಿಸಿದ್ದರು. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಖರ್ಚು ಶೇಕಡಾ ಹತ್ತಕ್ಕೂ ಮೇಲೆ ಏರುತ್ತದೆ, ನಡುಕ ಬಂದರೆ ಇನ್ನೂ ಹೆಚ್ಚು. ಮತ್ತಿನ ಔಷಧ ಕೊಟ್ಟರೆ ಇಳಿಯುತ್ತದೆ. ಒಬ್ಬರೇ ರೋಗಿಯಲ್ಲಿ ಒಂದು ವಾರದೊಳಗೆ 1,300ರಿಂದ 2,400ರವರೆಗೆ ಓಲಾಡಿದರೆ ಆಶ್ಚರ್ಯವಿಲ್ಲ. ಸೂತ್ರಗಳನ್ನು ಯಂತ್ರದ ಅಳತೆಯೊಡನೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಸೂತ್ರ ಸರಿಹೊಂದುವುದು ಸರಿಸುಮಾರು ಅರ್ಧ ಪಾಲು ರೋಗಿಗಳಿಗೆ ಮಾತ್ರ. ಅತಿಯಾಗಿ ಉಣಿಸಿದರೆ ರಕ್ತದ ಸಕ್ಕರೆ ಏರುತ್ತದೆ, ಯಕೃತ್ತಿನಲ್ಲಿ ಕೊಬ್ಬು ಕೂಡುತ್ತದೆ, ಹೆಚ್ಚಿದ ಇಂಗಾಲದ ಡೈಆಕ್ಸೈಡನ್ನು ಹೊರಹಾಕಲು ಸೋತ ಶ್ವಾಸಕೋಶ ಇನ್ನಷ್ಟು ದುಡಿಯಬೇಕಾಗಿ ವೆಂಟಿಲೇಟರ್ ಬಿಡಿಸುವುದು ತಡವಾಗುತ್ತದೆ. ವಾರಗಟ್ಟಲೆ ಕಡಿಮೆ ಉಣಿಸಿದರೆ ಉಸಿರಾಟದ ಸ್ನಾಯುವೇ ಸವೆಯುತ್ತದೆ.

ಹಾಗಾದರೆ ಅಳೆಯಬಹುದಲ್ಲ? ಅಳೆಯುವ ಯಂತ್ರಕ್ಕೆ ಇನ್‌ಡೈರೆಕ್ಟ್ ಕ್ಯಾಲರಿಮೀಟರ್ ಎನ್ನುತ್ತಾರೆ. ಫಿನ್ಲೆಂಡಿನಲ್ಲಿ ತಯಾರಾದ ಡೆಲ್ಟಾಟ್ರ್ಯಾಕ್ ಎಂಬುದು ಬಹುಕಾಲ ಈ ಕ್ಷೇತ್ರದ ಒರೆಗಲ್ಲಾಗಿತ್ತು. ಅದರ ತಯಾರಿಕೆ ನಿಂತ ಮೇಲೆ ಬಂದ ಕೆಲವು ಯಂತ್ರಗಳು ಅಷ್ಟು ನಿಖರವಾಗಿರಲಿಲ್ಲ, ಈಚೆಗೆ ಹೊಸ ಪೀಳಿಗೆಯವು ಬಂದಿವೆ. ಯಂತ್ರ ಎಷ್ಟೇ ಒಳ್ಳೆಯದಾದರೂ ಕೆಲವು ರೋಗಿಗಳಲ್ಲಿ ಅದು ಕೈಚೆಲ್ಲುತ್ತದೆ, ಅದೂ ಅತಿ ಹೆಚ್ಚು ಕಾಯಿಲೆಯವರಲ್ಲೇ. ಒಳಹೋದ ಮತ್ತು ಹೊರಬಂದ ಗಾಳಿಯ ಗಾತ್ರ ತುಸು ಬೇರೆಬೇರೆ. ಎರಡನ್ನೂ ಅಷ್ಟು ನಿಖರವಾಗಿ ಅಳೆಯುವುದು ಕಷ್ಟವಾದ್ದರಿಂದ, ದೇಹ ಬಳಸದ ನೈಟ್ರೋಜನ್ನನ್ನು ಆಧಾರವಾಗಿಟ್ಟು ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕುತ್ತಾರೆ. ರೋಗಿಗೆ ಹೆಚ್ಚು ಹೆಚ್ಚು ಆಕ್ಸಿಜನ್ ಕೊಟ್ಟಂತೆ ಗಾಳಿಯಲ್ಲಿ ನೈಟ್ರೋಜನ್ ಪಾಲು ಕಡಿಮೆಯಾಗುತ್ತದೆ, ಸಣ್ಣ ತಪ್ಪು ದೊಡ್ಡದಾಗುತ್ತದೆ; ಶೇಕಡಾ 60 ದಾಟಿದರೆ ಫಲಿತಾಂಶವನ್ನು ನಂಬುವುದು ಕಷ್ಟ, ಶೇಕಡಾ 100 ಕೊಟ್ಟರೆ ಸೂತ್ರದ ಛೇದದಲ್ಲಿ ಸೊನ್ನೆ ಬಂದು ಲೆಕ್ಕವೇ ಆಗದು. ಎದೆಗೆ ಹಾಕಿದ ನಳಿಕೆಯಿಂದ ಗಾಳಿ ಸೋರುತ್ತಿದ್ದರೆ ಆಗದು. ಡಯಾಲಿಸಿಸ್ ನಡೆಯುತ್ತಿದ್ದರೆ ಇಂಗಾಲದ ಡೈಆಕ್ಸೈಡ್ ಒಂದಿಷ್ಟು ಆ ದಾರಿಯಲ್ಲೂ ಹೋಗುತ್ತದೆ. ಕೆಲವು ಆಧುನಿಕ ವೆಂಟಿಲೇಟರುಗಳು ಹೊರಬಂದ ಇಂಗಾಲದ ಡೈಆಕ್ಸೈಡ್ ಒಟ್ಟು ಎಷ್ಟೆಂದು ತೋರಿಸುತ್ತವೆ, ಅದರಿಂದಲೇ ಅನುಪಾತವನ್ನು ಊಹಿಸಿಕೊಂಡು ಖರ್ಚನ್ನು ಅಂದಾಜಿಸಬಹುದು. ಪೂರ್ತಿ ಅಳತೆಯಷ್ಟು ನಿಖರವಲ್ಲ, ಕಿಲೋಗೆ 25ರ ಗುಣಾಕಾರಕ್ಕಿಂತ ವಾಸಿ.

ಖರ್ಚನ್ನು ಅಳೆಯಬೇಕೆಂಬ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಯಂತ್ರದ ಮಿತಿಯದಲ್ಲ, ಪ್ರಯೋಗಗಳ ಫಲಿತಾಂಶದ್ದು. ಅಳೆದು ಉಣಿಸಿದರೆ ರೋಗಿಗಳು ಬದುಕುತ್ತಾರೆಯೇ? 2011ರಲ್ಲಿ ಇಸ್ರೇಲಿನಲ್ಲಿ 130 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅಳೆದು ಉಣಿಸಿದ ಗುಂಪಿನಲ್ಲಿ ಸಾವು ಕಡಿಮೆಯಾಗುವ ಒಲವು ಕಂಡಿತು, ಆದರೆ ಅದೇ ಗುಂಪು ಹೆಚ್ಚು ದಿನ ವೆಂಟಿಲೇಟರಿನಲ್ಲಿ ಉಳಿಯಿತು. 2017ರಲ್ಲಿ ಡೆನ್ಮಾರ್ಕಿನಲ್ಲಿ ಸುಮಾರು 200 ರೋಗಿಗಳ ಪ್ರಯೋಗದಲ್ಲಿ ಒಂದು ಗುಂಪಿಗೆ ಮೊದಲ ದಿನದಿಂದಲೇ ಅಳೆದಷ್ಟು ಪೂರ್ತಿ ಕೊಟ್ಟು ಆರು ತಿಂಗಳ ನಂತರ ನೋಡಿದರೆ ದೈಹಿಕ ಸಾಮರ್ಥ್ಯದಲ್ಲಿ ವ್ಯತ್ಯಾಸವಿರಲಿಲ್ಲ. ಅಳತೆಯ ಗೋಜಿಗೆ ಹೋಗದೆ ಹೆಚ್ಚು ಮತ್ತು ಕಡಿಮೆ ಉಣಿಸುವುದನ್ನೇ ಹೋಲಿಸಿದ ದೊಡ್ಡ ಪ್ರಯೋಗಗಳೂ ಇವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಸುಮಾರು 4,000 ರೋಗಿಗಳ 2018ರ ಪ್ರಯೋಗದಲ್ಲಿ ಹೆಚ್ಚು ಕ್ಯಾಲರಿಯಿಂದ ಜೀವ ಉಳಿಯಲಿಲ್ಲ. ಫ್ರಾನ್ಸಿನಲ್ಲಿ 3,044 ರೋಗಿಗಳ 2023ರ ಪ್ರಯೋಗದಲ್ಲಿ ಮೊದಲ ವಾರ ಕಿಲೋಗೆ 25ರ ಬದಲು ಬರೀ 6 ಕಿಲೊಕ್ಯಾಲರಿ ಕೊಟ್ಟವರು 90 ದಿನಗಳಲ್ಲಿ ಹೆಚ್ಚು ಸಾಯಲಿಲ್ಲ, ಐಸಿಯುನಿಂದ ಬೇಗನೇ ಹೊರಬೀಳುವಂತಾದರು. ಹೀಗಿರುವಾಗ ಇಷ್ಟು ದುಬಾರಿಯ ಅಳತೆ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದು.

ಉತ್ತರ ಯಂತ್ರ ಏನನ್ನು ಅಳೆಯುತ್ತದೆ ಎಂಬುದರಲ್ಲೇ ಇದೆ. ಎಷ್ಟು ಉರಿಯುತ್ತಿದೆ ಎಂದು ಅದು ಹೇಳುತ್ತದೆ, ಆ ಇಂಧನ ಎಲ್ಲಿಂದ ಬರುತ್ತಿದೆ ಎಂದು ಹೇಳುವುದಿಲ್ಲ. ಗಂಭೀರ ಕಾಯಿಲೆಯ ಮೊದಲ ದಿನಗಳಲ್ಲಿ ದೇಹ ತನ್ನ ಯಕೃತ್ತು, ಸ್ನಾಯು, ಕೊಬ್ಬಿನಿಂದಲೇ ಸಕ್ಕರೆಯನ್ನೂ ಕೊಬ್ಬಿನಾಮ್ಲಗಳನ್ನೂ ಬಿಡುಗಡೆ ಮಾಡುತ್ತಿರುತ್ತದೆ, ಹೊರಗಿನಿಂದ ಉಣಿಸಿದರೂ ಆ ಬಿಡುಗಡೆ ನಿಲ್ಲುವುದಿಲ್ಲ. ಆರೋಗ್ಯವಂತರಲ್ಲಿ ಉಂಡೊಡನೆ ಅದು ನಿಲ್ಲುತ್ತದೆ. ಹಾಗಾಗಿ 1,800 ಖರ್ಚಾಗುತ್ತಿದೆ ಎಂದು ಅಳೆದು ಪೂರಾ 1,800 ಕೊಟ್ಟರೆ, ಒಳಗಿನದೂ ಸೇರಿ ಅತಿಯಾಯಿತು. ಇಸ್ರೇಲಿನ, ಡೆನ್ಮಾರ್ಕಿನ ಫಲಿತಾಂಶಗಳನ್ನು ಈ ಬೆಳಕಿನಲ್ಲಿ ಓದಿದರೆ ಅವು ಅಷ್ಟೇನೂ ಒಗಟಲ್ಲ ಎಂದು ನನಗನಿಸುತ್ತದೆ. ಅಲ್ಲಿ ಸೋತದ್ದು ಅಳತೆಯಲ್ಲ, ಅಳೆದ ಖರ್ಚನ್ನೇ ಬಡಿಸಬೇಕಾದ ಊಟವೆಂದು ತಿಳಿದದ್ದು. ಯೂರೋಪಿನ ಪೋಷಣಾ ಸಂಘಟನೆ ಎಸ್ಪೆನ್‌ನ ಮಾರ್ಗಸೂಚಿಯೂ ವೆಂಟಿಲೇಟರಿನಲ್ಲಿರುವವರ ಖರ್ಚನ್ನು ಅಳೆಯಿರಿ ಎಂದು ಹೇಳುತ್ತಲೇ, ಮೊದಲ ದಿನಗಳಲ್ಲಿ ಅಳೆದದ್ದಕ್ಕಿಂತ ಕಡಿಮೆ ಕೊಟ್ಟು ನಿಧಾನವಾಗಿ ಏರಿಸಿ ಎನ್ನುತ್ತದೆ. ಹಾಗಾದರೆ ಅಳತೆ ನಿಜವಾಗಿ ಬೇಕಾಗುವುದು ವಾರ ದಾಟಿದ ಮೇಲೂ ವೆಂಟಿಲೇಟರ್ ಬಿಡದವರಿಗೆ, ಅತಿ ದಪ್ಪಗಿರುವವರಿಗೆ, ಮೊದಲೇ ಸೊರಗಿದ್ದವರಿಗೆ, ಸುಟ್ಟಗಾಯದವರಿಗೆ. ಇವರಲ್ಲಿ ಅಂದಾಜು ತಪ್ಪುವ ಸಾಧ್ಯತೆ ಹೆಚ್ಚು, ತಪ್ಪಿನ ಪರಿಣಾಮ ಕೂಡುತ್ತಾ ಹೋಗುತ್ತದೆ. ಅಳತೆ ಜೀವ ಉಳಿಸುತ್ತದೆ ಎಂದು ದೊಡ್ಡ ಪ್ರಯೋಗವೊಂದು ಇನ್ನೂ ಖಚಿತವಾಗಿ ತೋರಿಸಿಲ್ಲ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಇಲ್ಲೊಂದು ಅಡ್ಡಮಾತು ಹೇಳಬೇಕು. ಬೆರಳಿನ ಕ್ಲಿಪ್ಪಿನಿಂದ ಜೀವ ಉಳಿಯುತ್ತದೆಂದೂ ಪ್ರಯೋಗ ಸಾಬೀತು ಮಾಡಿಲ್ಲ. 1993ರಲ್ಲಿ ಪ್ರಕಟವಾದ, 20,802 ಶಸ್ತ್ರಚಿಕಿತ್ಸೆ ರೋಗಿಗಳ ಡೆನ್ಮಾರ್ಕಿನ ಪ್ರಯೋಗದಲ್ಲಿ ಕ್ಲಿಪ್ ಹಾಕಿದವರಲ್ಲಿ ಆಕ್ಸಿಜನ್ ಕುಸಿತ ಹೆಚ್ಚು ಪತ್ತೆಯಾಯಿತೇ ಹೊರತು ಒಟ್ಟಾರೆ ತೊಡಕುಗಳಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ. ಆದರೂ ಕ್ಲಿಪ್ ಇಲ್ಲದೆ ಶಸ್ತ್ರಚಿಕಿತ್ಸೆಗೆ ಒಪ್ಪುವವರು ಯಾರು? ಯಾವ ಮಾಪಕವೂ ತಾನಾಗಿ ಯಾರನ್ನೂ ಗುಣಪಡಿಸುವುದಿಲ್ಲ, ನೋಡಿದವರು ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಆದರೆ ಈ ತರ್ಕವನ್ನು ಎಳೆದಾಡಿದರೆ ಮಾರುಕಟ್ಟೆಗೆ ಬಂದ ಯಂತ್ರವನ್ನೆಲ್ಲ ಕೊಳ್ಳಬೇಕಾದೀತು. ಟ್ಯೂಬು ಅನ್ನನಾಳದಲ್ಲಿದೆ ಎಂದು ತಿಳಿದರೆ ಏನು ಮಾಡಬೇಕೆಂಬುದರಲ್ಲಿ ಅನುಮಾನವಿಲ್ಲ, ಎಳೆದು ಮತ್ತೆ ಹಾಕಬೇಕು, ಈಗಲೇ. ಖರ್ಚು 2,100 ಎಂದು ತಿಳಿದರೆ ಎಷ್ಟು ಕೊಡಬೇಕೆಂಬುದರಲ್ಲಿ ಪಂಡಿತರಿಗೇ ಒಮ್ಮತವಿಲ್ಲ. ಎರಡೂ ಹೊರಬಂದ ಉಸಿರಿನ ಅಳತೆಗಳೇ ಆದರೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಮ್ಮಲ್ಲಿಯಂತೂ ಕ್ಯಾಲರಿಮೀಟರಿಗೆ ಮೊದಲು ಆಗಬೇಕಾದ, ಕಾಸು ಖರ್ಚಿಲ್ಲದ ಕೆಲಸವಿದೆ. ಬರೆದಷ್ಟು ಆಹಾರ ರೋಗಿಯ ಹೊಟ್ಟೆಗೆ ಹೋಯಿತೇ ಎಂದು ಎಣಿಸುವುದು. ಚೀಟಿಯಲ್ಲಿ 1,500 ಎಂದಿರುತ್ತದೆ. ಸ್ಕ್ಯಾನಿಗೆ ಒಯ್ಯಬೇಕೆಂದು ಒಂದು ಹೊತ್ತು ನಿಲ್ಲಿಸಿರುತ್ತಾರೆ, ಹೊಟ್ಟೆ ಉಬ್ಬಿದೆಯೆಂದು ಇನ್ನೊಂದು ಹೊತ್ತು, ಟ್ಯೂಬು ಬದಲಿಸಬೇಕೆಂದು ಮತ್ತೊಂದು. ಅಡುಗೆಮನೆಯಲ್ಲಿ ಅರೆದು ಸೋಸಿದ ಗಂಜಿ, ಹಾಲಿನ ಮಿಶ್ರಣವಾದರೆ ಇವತ್ತಿನದಕ್ಕೂ ನಿನ್ನೆಯದಕ್ಕೂ ಸತ್ವದಲ್ಲಿ ತಾಳೆ ಇರುವುದಿಲ್ಲ. ಇನ್ನೊಂದು ಕಡೆ ಯಾರೂ ಎಣಿಸದ ಕ್ಯಾಲರಿ ಬೇರೆ ದಾರಿಯಲ್ಲಿ ಒಳಹೋಗುತ್ತಿರುತ್ತದೆ. ಮತ್ತಿಗೆಂದು ಕೊಡುವ ಪ್ರೊಪೊಫಾಲ್ ಎಣ್ಣೆಯಲ್ಲಿ ಕದಡಿದ ಔಷಧ, ಪ್ರತಿ ಮಿಲಿಲೀಟರಿಗೆ 1.1 ಕಿಲೊಕ್ಯಾಲರಿ. ಗಂಟೆಗೆ 20 ಮಿಲಿಲೀಟರಿನಂತೆ ಇಡೀ ದಿನ ಹೋದರೆ 528 ಕಿಲೊಕ್ಯಾಲರಿ, ಅಷ್ಟೂ ಕೊಬ್ಬು, ಪ್ರೋಟೀನ್ ಸೊನ್ನೆ. ಇನ್ನು ‘ಗ್ಲೂಕೋಸ್ ಹಾಕಿದ್ದಾರಲ್ಲ, ಶಕ್ತಿ ಬರುತ್ತೆ’ ಎಂಬ ನಮ್ಮವರ ಹಳೆಯ ನಂಬಿಕೆ. ಶೇಕಡಾ 5ರ ಡೆಕ್ಸ್‌ಟ್ರೋಸ್ ಒಂದು ಲೀಟರ್ ಪೂರ್ತಿ ಇಳಿದರೂ ಸಿಗುವುದು 170 ಕಿಲೊಕ್ಯಾಲರಿ. ಒಂದು ಹೊತ್ತಿನ ಇಡ್ಲಿಯಿಂದ ಬರುವುದಕ್ಕಿಂತ ಅದೇನೂ ದೊಡ್ಡ ಮೊತ್ತವಲ್ಲ.

ಆದ್ದರಿಂದ ಹಣ ಹಂಚುವವರಿಗೆ ಹೇಳಬೇಕಾದ ಕ್ರಮ ಹೀಗಿರಬೇಕು ಎಂದು ನನ್ನ ಅಭಿಪ್ರಾಯ. ಉಸಿರಿನ ಟ್ಯೂಬು ಹಾಕುವ ಪ್ರತಿ ಜಾಗದಲ್ಲೂ, ಜಿಲ್ಲಾಸ್ಪತ್ರೆಯ ಐಸಿಯು ಇರಲಿ, ತಾಲ್ಲೂಕಿನ ತುರ್ತು ಚಿಕಿತ್ಸಾ ಕೊಠಡಿ ಇರಲಿ, ಟ್ಯೂಬು ಹಾಕಿದ ರೋಗಿಯನ್ನು ದೊಡ್ಡ ಊರಿಗೆ ಸಾಗಿಸುವ ಆಂಬುಲೆನ್ಸ್ ಇರಲಿ, ಗೆರೆ ತೋರಿಸುವ ಕ್ಯಾಪ್ನೋಗ್ರಾಫ್ ಮೊದಲು ಬರಬೇಕು. ಅದರ ಜೊತೆಗೇ ಆ ಗೆರೆಯನ್ನು ಓದುವ ತರಬೇತಿ, ವೈದ್ಯರಿಗಷ್ಟೇ ಅಲ್ಲ, ರಾತ್ರಿ ಪಾಳಿಯ ನರ್ಸ್‌ಗೂ ಆಂಬುಲೆನ್ಸಿನ ತಂತ್ರಜ್ಞರಿಗೂ. ಹಳ್ಳದ ರಸ್ತೆಯಲ್ಲಿ ಕುಲುಕಾಡುವಾಗ ಟ್ಯೂಬು ಜಾರಿದ್ದು ಮೊದಲು ಗೊತ್ತಾಗಬೇಕಾದದ್ದು ಅವರಿಗೆ. ಕ್ಯಾಲರಿಮೀಟರ್ ವೈದ್ಯಕೀಯ ಕಾಲೇಜಿಗೊಂದು ಇದ್ದರೆ ಸದ್ಯಕ್ಕೆ ಸಾಕು. ಗಾಲಿಯ ಮೇಲೆ ಹಾಸಿಗೆಯಿಂದ ಹಾಸಿಗೆಗೆ ತಳ್ಳಿಕೊಂಡು ಹೋಗುವಂಥದು, ನಡೆಸಲು ಬಲ್ಲ ಒಬ್ಬ ಡಯೆಟಿಷಿಯನ್ ಸಮೇತ. ಎರಡನೆಯ ವಾರಕ್ಕೆ ಕಾಲಿಟ್ಟ ರೋಗಿಗಳ ಹಾಸಿಗೆಗಳಿಂದ ಶುರು ಮಾಡಲಿ. ಶೇಕಡಾ 60ಕ್ಕಿಂತ ಹೆಚ್ಚು ಆಕ್ಸಿಜನ್ ಬೇಕಾಗಿರುವವರ ಹಾಸಿಗೆಗಳನ್ನು ಸದ್ಯಕ್ಕೆ ದಾಟಿ ಮುಂದೆ ಹೋಗಲಿ.